ಆಫ್ ಆಗದ ಮೈಕು

ಮಾರ್ಚ್ 3
ಉಪ್ಪುನೀರಲ್ಲಿ ಗಂಟಲು ತೊಳೆದದ್ದಾಯಿತು. ಬಸ್ ನಿಲ್ದಾಣದ ಅನೌನ್ಸರ್‌ಗೆ ಗಂಟಲೇ ಕಿರೀಟ. ಮೊದಲ ಬಸ್ಸು ತಡ — ಯುದ್ಧ ಗೆದ್ದ ಮಹಾರಾಜ ಮರಳುತ್ತಿದ್ದಾನೆ ಎಂಬಂತೆ ಸಾರಿದೆ.

ಸಂಜೆ ಮಗಳು ಶಾಲೆಯಿಂದ ಬಂದು ಇಲ್ಲೇ ಬಸ್ಸು ಬದಲಿಸಿದಳು. ಅವಳ ಬಸ್ಸಿನ ಘೋಷಣೆಗೆ ದಿನವೂ ನನ್ನದೊಂದು ಬಾಲ: "ಪ್ರಯಾಣಿಕರು ಶೂ ಲೇಸು ಕಟ್ಟಿಕೊಂಡು ಹತ್ತುವುದು." ನನ್ನ ಕೋಣೆಯ ಗಾಜು ತಟ್ಟಿ, ಹಲ್ಲು ಕಿಸಿದು, ಕಟ್ಟಿಕೊಂಡು ಹೋದಳು.

ಆಮೇಲೆ ಅಕ್ಕನ ಫೋನು. ಮಗಳ ಅಮ್ಮ, ಅಂದರೆ ನನ್ನ ಮಾಜಿ ಹೆಂಡತಿ, ಮತ್ತೆ ಮದುವೆಯಾಗುತ್ತಿದ್ದಾಳಂತೆ. ವರ ಹಲ್ಲಿನ ಡಾಕ್ಟರು. ಹಾಗಾದರೆ ಮಗಳಿಗೆಂದು ತಿಂಗಳಾ ತಿಂಗಳಾ ಕಟ್ಟುವ ಜೀವನಾಂಶ... ಇನ್ನು ಡಾಕ್ಟರ ತಲೆಗೆ. ಆಹಾ. ಪರದೆ ಏಳಲಿ.

ಮಾರ್ಚ್ 5
ನಾಳಿದ್ದು ವಕೀಲರ ಭೇಟಿ. ಸಂಜೆ ಬಸ್ಸಿಲ್ಲದ ಹೊತ್ತು ನೋಡಿ ತಾಲೀಮು. ಒಂದು ಕೈ ಎದೆಗೆ, ಒಂದು ಕೈ ಆಕಾಶಕ್ಕೆ — "ಕೇಳಿ ವಕೀಲರೇ, ಇಂದಿನಿಂದ ಮಗಳ ಭಾರ ನನ್ನದಲ್ಲ. ಹೊಸ ಯಜಮಾನ ಹೊರಲಿ. ನಾನು ಮುಕ್ತ, ಮುಕ್ತ, ಮುಕ್ತ."

ಹೊರಗೆ ಚಪ್ಪಾಳೆ. ಕಂಡಕ್ಟರ್ ಏದುಸಿರು ಬಿಡುತ್ತ ಬಂದ.

"ಅಣ್ಣಾ, ಮೈಕ್ ಆನ್ ಇದೆ. ಶೌಚಾಲಯದೊಳಗೂ ಕೇಳಿಸ್ತು."

"ಹೇಗಿತ್ತು?"

"ಚೆನ್ನಾಗಿತ್ತು. ಆದ್ರೆ ನಿಮ್ಮ ಮಗಳು ಮೂರನೇ ಪ್ಲಾಟ್‌ಫಾರಂನಲ್ಲೇ ಇದ್ಲು. ಬ್ಯಾಗ್ ತಬ್ಕೊಂಡು ಕೇಳಿಸ್ಕೊಂಡ್ಲು."

ಮಾರ್ಚ್ 7
ನಾನು ಬಾಯಿ ತೆರೆಯುವ ಮುಂಚೆಯೇ ವಕೀಲೆ ಕೈ ಎತ್ತಿದರು. "ಭಾಷಣ ಬೇಡ. ಮೊನ್ನೆ ನಾನೂ ಬಸ್ಸಿಗೆ ಕಾಯ್ತಿದ್ದೆ."

ತೀರ್ಪು: "ಆಕೆ ಮದುವೆಯಾದ್ರೆ ಆಕೆಗೆ ಗಂಡ ಸಿಗ್ತಾನೆ. ಹುಡುಗಿಗೆ ಅಪ್ಪ ಬದಲಾಗಲ್ಲ. ಕಟ್ಟಲೇಬೇಕು."

"ನಾನೇ ಇನ್ನೊಂದು ಮದುವೆಯಾದ್ರೆ?"

"ಆಗ್ಲೂ ಕಟ್ಟಬೇಕು. ಮೊದಲು ಹೆಣ್ಣು ಸಿಗಲಿ."

ಮಾರ್ಚ್ 12
ಮಗಳು ಗಾಜಿನ ಹತ್ತಿರ ಸುಳಿಯುತ್ತಿಲ್ಲ. ಇಂದೂ ಶೂ ಲೇಸಿನ ಸಾಲು ಕೂಗಿದೆ. ಪ್ಲಾಟ್‌ಫಾರಂ ಪೂರ್ತಿ ಬಗ್ಗಿ ಕಾಲು ನೋಡಿಕೊಂಡಿತು, ಅವಳೊಬ್ಬಳನ್ನು ಬಿಟ್ಟು.

ರಾತ್ರಿ ಡಾಕ್ಟರ ಫೋನು. ಒಳ್ಳೆಯ ಮನುಷ್ಯ, ಹಾಳಾದವನು.

"ಸಾರ್, ಕೋರ್ಟು ಏನಾದ್ರೂ ಹೇಳಲಿ, ಹುಡುಗಿ ಖರ್ಚು ನಾನೇ ನೋಡ್ಕೋತೀನಿ. ನೀವು ಏನೂ ಕಳಿಸೋದು ಬೇಡ."

ಹೋದ ವಾರವಾಗಿದ್ದರೆ ಕಾಲಿಗೆ ಬೀಳುತ್ತಿದ್ದೆ. ಈಗ ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತೆ.

"ಡಾಕ್ಟ್ರೇ, ನೀವು ಹಲ್ಲು ನೋಡ್ಕೊಳ್ಳಿ. ಮಗಳನ್ನ ನಾನು ನೋಡ್ಕೋತೀನಿ."



ಮಾರ್ಚ್ 13
ಇಂದು ತಿಳಿದೇ ಮೈಕು ಆನ್ ಮಾಡಿದೆ. ಕೈ ಎದೆಗೂ ಹೋಗಲಿಲ್ಲ, ಆಕಾಶಕ್ಕೂ ಹೋಗಲಿಲ್ಲ.

"ಮೂರನೇ ಪ್ಲಾಟ್‌ಫಾರಂನವರಿಗೆ ಒಂದು ತಿದ್ದುಪಡಿ. ಮೊನ್ನೆಯದು ತಪ್ಪು ಘೋಷಣೆ. ಮಗಳು ನನ್ನವಳು. ಭಾರವೂ ನನ್ನದೇ, ಯಾರಿಗೂ ಬಿಟ್ಟುಕೊಡುವುದಿಲ್ಲ. ಶೂ..."

ಜನ್ಮದಲ್ಲಿ ಮೊದಲ ಸಲ ಮಾತು ಮರೆತೆ. ಚಪ್ಪಾಳೆ ಇಲ್ಲ. ಅವಳು ತಿರುಗಿ ನೋಡದೆ ಬಸ್ಸು ಹತ್ತಿದಳು.

ಮಾರ್ಚ್ 14, ಸಂಜೆ
ಅವಳ ಬಸ್ಸು ಬಂದು ನಿಂತಿದೆ. ಕೂಗಲು ಧೈರ್ಯವಿಲ್ಲ, ಸುಮ್ಮನೆ ಬರೆಯುತ್ತ ಕುಳಿತಿದ್ದೇನೆ. ಗಾಜು ತಟ್ಟಿದ ಸದ್ದು... ಅವಳೇ. ಮುಖ ಇನ್ನೂ ಬಿಗಿ. ಒಂದು ಕಾಲು ಎತ್ತಿ ಗಾಜಿನ ಕೆಳಗಿನ ಕಟ್ಟೆಯ ಮೇಲಿಟ್ಟಿದ್ದಾಳೆ. ಲೇಸು ಬಿಚ್ಚಿದೆ. ಕಾಯುತ್ತಿದ್ದಾಳೆ. ಮೈಕು —