ಹಿಮ್ಮಡಿ ಮಟ್ಟದ ನೀರಿಗೊಂದು ಶೌರ್ಯ ಪದಕ

ಮೀಸಲು ಸೇನೆಯ ಬಡ್ತಿ ಮತ್ತು ಪದಕ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಮುಂದಿನ ವಾರ ನೀವು ಎದೆಗೆ ಶೌರ್ಯ ಪದಕ ಚುಚ್ಚಿ, ಹೆಗಲಿಗೆ ಬ್ರಿಗೇಡಿಯರ್ ಪಟ್ಟ ಕಟ್ಟಲು ಹೊರಟಿರುವ ಕರ್ನಲ್ ಸಾಹೇಬರು ಆ ದಿನ ಹೊಳೆಗೆ ಇಳಿಯಲೇ ಇಲ್ಲ. ಇಳಿದವನು ನನ್ನ ತಮ್ಮ. ಅವರಿಗೆ ಪದಕ, ಇವನಿಗೆ 'ಚಾಲಕನ ದುಡುಕು' ಎಂಬ ತೀರ್ಪು. ಇದು ಯಾವ ಸೀಮೆಯ ನ್ಯಾಯ ಎಂದು ಕೇಳಲು ಈ ಪತ್ರ. ಮೊದಲು ನಿಮ್ಮ ಕಚೇರಿಗೇ ಬರೆದಿದ್ದೆ. 'ತಮ್ಮ ಪತ್ರವನ್ನು ಗಮನಿಸಲಾಗಿದೆ' ಎಂಬ ಉತ್ತರ ಬಂತು. ಗಮನಿಸಿದವರು ಯಾರು, ಗಮನಿಸಿ ಏನು ಮಾಡಿದರು ಎಂಬುದು ಅದರಲ್ಲಿರಲಿಲ್ಲ. ಹಾಗಾಗಿ ಈಗ ನಾಲ್ಕು ಜನರಿಗೆ ಕೇಳುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ದರ್ಜಿ. ಪರೇಡ್ ಮೈದಾನದ ಗೇಟಿನ ಎದುರಿಗೇ ನನ್ನ ಅಂಗಡಿ. ಮೀಸಲು ಸೇನೆಯವರ ಸಮವಸ್ತ್ರದ ಹೊಲಿಗೆ, ರಿಪೇರಿ ಎಲ್ಲ ನನ್ನ ಕೈಯಲ್ಲೇ ಆಗುವುದು. ಸಾಹೇಬರ ಸೇನಾ ಜೀವನದ ಏಳಿಗೆಯನ್ನು ಅವರ ಕೋಟಿನ ಒಳಮೈಯಿಂದ ನೋಡಿದವಳು ನಾನು. ಲೆಫ್ಟಿನೆಂಟ್ ಆಗಿ ಬಂದಾಗ ಕೋಟು ಅವರ ಹೆಗಲಿನಿಂದ ಜಾರುತ್ತಿತ್ತು, ಒಳಗೆ ಹಿಡಿದು ಹೊಲಿದೆ. ಕ್ಯಾಪ್ಟನ್ ಆದಾಗ ಕಂಕುಳಲ್ಲಿ ಬಿಚ್ಚಿದೆ, ಮೇಜರ್ ಆದಾಗ ಸೊಂಟದಲ್ಲಿ ಬಿಚ್ಚಿದೆ. ಕರ್ನಲ್ ಆದಾಗ ಬಿಚ್ಚಲು ಬಟ್ಟೆಯೇ ಉಳಿದಿರಲಿಲ್ಲ, ಎರಡೂ ಪಕ್ಕಕ್ಕೆ ಪಟ್ಟಿ ಕೊಟ್ಟೆ. ಇಷ್ಟು ವರ್ಷಗಳಲ್ಲಿ ಆ ಕೋಟು ಯುದ್ಧ ನೋಡಲಿಲ್ಲ; ಅದು ಅವರ ತಪ್ಪಲ್ಲ, ದೇಶದ ಪುಣ್ಯ. ಆದರೆ ನಿಮ್ಮಂಥವರು ತಪಾಸಣೆಗೆ ಬಂದಾಗಲೆಲ್ಲ ಅದು ತಪ್ಪದೆ ಇಸ್ತ್ರಿಯಾಗಿ ಮುಂದಿನ ಸಾಲಿನಲ್ಲಿ ನಿಂತಿದೆ. ಪ್ರತಿಯೊಂದು ಬಡ್ತಿಯ ಹಿಂದೆ ಒಬ್ಬ ದೊಡ್ಡ ಅತಿಥಿ, ಒಂದು ಭರ್ಜರಿ ಊಟ, ಮೈದಾನದ ಅಂಚಿನ ಕಲ್ಲುಗಳಿಗೆ ಹೊಸದಾಗಿ ಬಳಿದ ಸುಣ್ಣ. ಇದನ್ನೇ ನೀವು ನಾಯಕತ್ವ ಎಂದು ಬರೆದುಕೊಂಡಿದ್ದೀರಿ.

ಸಾಹೇಬರು ವಾರವಿಡೀ ಲಾರಿ ಕಂಪನಿಯ ಮಾಲೀಕರು, ಶನಿವಾರ ಬೆಳಗಾದರೆ ಕರ್ನಲ್. ಮೀಸಲು ಸೇನೆ ಎಂದರೆ ಇರುವುದೇ ಹಾಗೆ, ಬೇರೆ ಬೇರೆ ಕಸುಬಿನವರು ವಾರದ ಕೊನೆಗೆ ಬೂಟು ಕಟ್ಟಿಕೊಂಡು ಬರುವುದು, ಅದನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಇವರ ದಳದ ಅರ್ಧಕ್ಕರ್ಧ ಜನ ಇವರದೇ ಕಂಪನಿಯ ಡ್ರೈವರುಗಳು, ಹಮಾಲರು, ಗುಮಾಸ್ತರು. ಕೆಲಸ ಕೇಳಿಕೊಂಡು ಹೋದವನಿಗೆ, 'ಮೀಸಲಿಗೂ ಒಂದು ಹೆಸರು ಕೊಟ್ಬಿಡಪ್ಪ, ದೇಶಸೇವೆ' ಎನ್ನುತ್ತಾರೆ. ಇಲ್ಲ ಎಂದವನಿಗೆ ಲಾರಿ ಖಾಲಿ ಇರುವುದಿಲ್ಲ. ಎಲ್ಲ ದಳಗಳೂ ಜನರಿಲ್ಲದೆ ಸೊರಗುತ್ತಿದ್ದಾಗ ಇವರ ದಳ ಮಾತ್ರ ತುಂಬಿ ತುಳುಕಿತು ಎಂದು ನೀವು ಪ್ರಶಂಸಾಪತ್ರ ಕೊಟ್ಟಿರಿ. ಅದು ಹೇಗೆ ತುಂಬಿತು ಎಂದು ಕೇಳುವ ಕುತೂಹಲ ನಿಮಗೆ ಯಾಕೆ ಹುಟ್ಟಲಿಲ್ಲ? ಶನಿವಾರ ಸಲ್ಯೂಟ್ ಹೊಡೆಸಿಕೊಳ್ಳುವ ಮುಖವೂ ಸೋಮವಾರ ಕೆಲಸ ಕೊಡುವ ಮುಖವೂ ಒಂದೇ ಆದರೆ, ಆ ಮುಖಕ್ಕೆ ಎದುರಾಡುವವನು ಯಾರು?

ಇನ್ನು ಹೊಳೆಯ ಸಂಗತಿ. ವಾರ್ಷಿಕ ಕವಾಯತಿನ ಕೊನೆಯ ದಿನ. ಆಚೆ ದಡದಲ್ಲಿ ಪೆಂಡಾಲು ಹಾಕಿ ಅತಿಥಿಗಳನ್ನು ಕೂರಿಸಿದ್ದರು. ಅವರ ಕಣ್ಣೆದುರು ಲಾರಿಗಳು ಹೊಳೆ ದಾಟಿ ಬರಬೇಕೆಂಬುದು ಸಾಹೇಬರ ಏರ್ಪಾಟು. ಮೇಲೆಲ್ಲೋ ಮಳೆಯಾಗಿ ನೀರು ಏರಿತ್ತು. ಸೇತುವೆ ಇತ್ತು, ಸುತ್ತು ಹಾಕಿ ಹೋಗಬಹುದಿತ್ತು. ಆದರೆ ಸೇತುವೆಯ ಮೇಲೆ ಬರುವ ಲಾರಿಯನ್ನು ನೋಡಿ ಯಾರು ಚಪ್ಪಾಳೆ ತಟ್ಟುತ್ತಾರೆ? ಮೊದಲ ಲಾರಿಯ ಡ್ರೈವರ್ ನನ್ನ ತಮ್ಮ. ಹಿಂದೆ ಕುಳಿತವರಲ್ಲಿ ನಮ್ಮ ಬೀದಿಯ ಬೇಕರಿಯವನೂ ಒಬ್ಬ. ಅವನು ಸಾಹೇಬರ ಆಳಲ್ಲ, ಶನಿವಾರ ಗೆಳೆಯರ ಜೊತೆ ಓಡಾಡಿದ ಹಾಗಾಗುತ್ತದೆ ಎಂದು ಸೇರಿದವನು. ತಮ್ಮ ಕೆಳಗಿಳಿದು ನೀರು ನೋಡಿ ಬಂದು ಸಾಹೇಬರಿಗೆ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ.

"'ಸರ್, ತಳದ ಕಲ್ಲು ಕಾಣ್ತಾ ಇಲ್ಲ. ಸೆಳವು ಜೋರಾಗಿದೆ. ಇವತ್ತು ಬೇಡ' ಅಂದೆ ಅಕ್ಕ. ಅವರು ಬೈಲಿಲ್ಲ, ಕಿರುಚಲಿಲ್ಲ. ಆಚೆ ದಡ ನೋಡ್ತಾ, 'ಸೋಮವಾರ ಕೆಲಸಕ್ಕೆ ಬರ್ತೀಯೋ ಇಲ್ವೋ?' ಅಂದ್ರು. ಅಷ್ಟೇ."

ತಮ್ಮ ಲಾರಿ ಹತ್ತಿದ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಅಂತ ಗಾದೆ ಇದೆಯಲ್ಲ, ಅದು ಇದೇ. ನಡು ಹೊಳೆಯಲ್ಲಿ ಲಾರಿ ಮಗುಚಿತು. ತಮ್ಮ ಕಿಟಕಿಯಿಂದ ಹೊರಬಿದ್ದು ಇಬ್ಬರನ್ನು ಎಳೆದು ದಡಕ್ಕೆ ಹಾಕಿದ. ಬೇಕರಿಯವನಿಗಾಗಿ ಮತ್ತೆ ನೀರಿಗೆ ಹೋದ, ಬರಿಗೈಯಲ್ಲಿ ಬಂದ. ಬೇಕರಿಯವನು ಮರುದಿನ ಕೆಳಗಿನ ತಿರುವಿನಲ್ಲಿ ಸಿಕ್ಕಿದ.

ನಿಮ್ಮ ವಿಚಾರಣೆ ನಡೆಯಿತು. ಉದ್ದ ಮೇಜು, ನೀರಿನ ಜಗ್ಗು, ಹಸಿರು ಬಟ್ಟೆ. ತಮ್ಮನ ಜೊತೆಗೆ ಹೋದ ನನಗೆ ಬಾಗಿಲ ಬಳಿ ಒಂದು ಸ್ಟೂಲು ಸಿಕ್ಕಿತ್ತು. ವಿಚಾರಣಾಧಿಕಾರಿ ಕೇಳಿದರು, "ದಾಟು ಅಂತ ಕರ್ನಲ್ ಆರ್ಡರ್ ಕೊಟ್ರಾ?"

ತಮ್ಮ ಹೇಳಿದ, "ಆರ್ಡರ್ ಅಂತ ಇಲ್ಲ ಸರ್. ಕೇಳಿದ್ರು."

"ಕೇಳಿದ್ದು ದಾಟೋ ವಿಷಯಾನಾ?"

"ಅಲ್ಲ ಸರ್. ಸೋಮವಾರದ ವಿಷಯ."

ಅಲ್ಲಿಗೆ ಪೆನ್ನಿನ ಕ್ಯಾಪು ಮುಚ್ಚಿದರು. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ, ಹೆಚ್ಚಿಗೆ ಒಂದು ಮಾತಿಲ್ಲ: ಮೀಸಲು ಸೇನೆಯಲ್ಲಿ ನೀವೇ ಕಲಿಸಿದ ಶಿಸ್ತು ಅದು. ಅದನ್ನು ಅಕ್ಷರಶಃ ಪಾಲಿಸಿ ನನ್ನ ತಮ್ಮ ತನ್ನ ಕುತ್ತಿಗೆಗೆ ತಾನೇ ಹಗ್ಗ ಕೊಟ್ಟ. ಆದೇಶ ಇರಲಿಲ್ಲ, ಆದ್ದರಿಂದ ಚಾಲಕನು ಸ್ವಂತ ತೀರ್ಮಾನದಿಂದ ದುಡುಕಿದನು ಎಂದು ನೀವು ಬರೆದಿರಿ. ಅಳಿಯ ಅಲ್ಲ, ಮಗಳ ಗಂಡ ಎಂದರೆ ಇದೇ ತಾನೇ? ಹೆಂಡತಿ ಮಕ್ಕಳಿರುವವನಿಗೆ ಮಾಲೀಕನು 'ಸೋಮವಾರ ಬರ್ತೀಯೋ ಇಲ್ವೋ' ಎಂದು ಹೊಳೆಯ ದಂಡೆಯಲ್ಲಿ ನಿಂತು ಕೇಳಿದರೆ, ಅದಕ್ಕೆ ನಿಮ್ಮ ನಿಘಂಟಿನಲ್ಲಿ ಕುಶಲ ವಿಚಾರಣೆ ಎಂದು ಅರ್ಥವಿದೆಯೇ? ಅಧ್ಯಕ್ಷರೇ, ನನಗೆ ಕೋಪ ಬಂದು ಹೋಗಿ ಬಹಳ ದಿನವಾಯಿತು. ಈಗ ಉಳಿದಿರುವುದು ಹೇಸಿಗೆ.

ಅದರ ಮೇಲೆ ಈ ಪದಕ. ಸಾಹೇಬರು 'ಪ್ರಾಣದ ಹಂಗು ತೊರೆದು ಎದೆಮಟ್ಟದ ಪ್ರವಾಹಕ್ಕೆ ಧುಮುಕಿ' ಯೋಧರನ್ನು ರಕ್ಷಿಸಿದರು ಎಂದು ನಿಮ್ಮ ಪ್ರಕಟಣೆ ಹೇಳುತ್ತದೆ. ಅತಿಥಿಗಳ ಮುಂದೆ ನಿಲ್ಲಬೇಕಿದ್ದುದರಿಂದ ಆ ದಿನ ಅವರು ತೊಟ್ಟಿದ್ದುದು ಪರೇಡಿನ ಪ್ಯಾಂಟು. ಅದರ ಅಂಚು ಬಿಚ್ಚಿಕೊಂಡಿದೆ ಎಂದು ಅದೇ ವಾರ ಅವರ ಸಹಾಯಕ ನನ್ನ ಅಂಗಡಿಗೆ ತಂದು ಎಸೆದು ಹೋದ, ಒಗೆಸದೆ. ದರ್ಜಿಗೂ ಡ್ರೈವರನಿಗೂ ಒಬ್ಬಳೇ ತಾಯಿ ಎಂಬುದು ಅವರಿಗೆ ಗೊತ್ತಿರಬೇಕಾದ ಅಗತ್ಯವೇನಿದೆ? ಪ್ಯಾಂಟಿನ ಅಂಚಿನಲ್ಲಿ ಹೊಳೆಯ ಕೆಸರು ಒಂದು ಗೆರೆ ಎಳೆದಿತ್ತು. ಆ ಗೆರೆ ಹಿಮ್ಮಡಿ ದಾಟಿರಲಿಲ್ಲ. ಮಂಡಿಯ ಮೇಲೆ ನಾನು ಹಾಕಿಕೊಟ್ಟ ಇಸ್ತ್ರಿಯ ಮಡಿಕೆ ಹಾಗೇ ಇತ್ತು. ಪ್ಯಾಂಟನ್ನು ಎತ್ತಿಕೊಂಡು ನಿಮ್ಮ ವಿಚಾರಣೆಯವರ ಬಳಿಗೆ ಹೋದೆ. "ಅಮ್ಮಾ, ಇದು ಬಟ್ಟೆ ಅಂಗಡಿ ಅಲ್ಲ" ಎಂದರು. ಸಾಹೇಬರು ಮತ್ತೆ ಅದನ್ನು ಕೇಳಲಿಲ್ಲ, ಅವರಿಗೆ ಪ್ಯಾಂಟುಗಳಿಗೇನು ಬರ.

ತೀರ್ಪು ಬಂದ ಮೇಲೆ ತಮ್ಮನ ಲೈಸೆನ್ಸ್ ಹೋಯಿತು. ಸ್ಟೇರಿಂಗ್ ಬಿಟ್ಟರೆ ಬೇರೇನೂ ಹಿಡಿದವನಲ್ಲ, ಈಗ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದಾನೆ. ಬೀದಿಗೆ ಹೋಗುವುದಿಲ್ಲ. ಹೋದರೆ ಬೇಕರಿಯ ಮುಂದೆ ಹಾಯಬೇಕು. ಬೇಕರಿಯವನ ಹೆಂಡತಿ ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಗಂಡನನ್ನು ಕೊಂದವನು ದುಡುಕಿದ ಡ್ರೈವರ್ ಎಂದು ಸರ್ಕಾರದ ಮೊಹರು ಹಾಕಿ ಅವಳ ಕೈಗೆ ಕೊಟ್ಟಿದ್ದೀರಲ್ಲ, ಅವಳನ್ನು ನಾನು ದೂರುವುದಿಲ್ಲ.

ಹೋದ ವಾರ ಸಾಹೇಬರ ಕೋಟು ಬಂತು. ಬ್ರಿಗೇಡಿಯರ್ ಚಿಹ್ನೆ, ಪದಕದ ಪಟ್ಟಿ, ಎರಡನ್ನೂ ಹೊಲಿಯಬೇಕು. ನಾನು ಮುಟ್ಟುವುದಿಲ್ಲ ಎಂದೆ. ತಮ್ಮ, "ಸುಮ್ನೆ ಹೊಲಿದು ಕೊಟ್ಬಿಡಕ್ಕ, ನಮಗ್ಯಾಕೆ" ಎಂದ. ಕೋಟು ಮೊಳೆಗೆ ನೇತಾಡುತ್ತಿದ್ದಾಗಲೇ ಬೇಕರಿಯವನ ಹೆಂಡತಿ ಏಪ್ರನ್ ಹೊಲಿಸಲು ಬಂದಳು. ಈಗ ಒಲೆಯ ಮುಂದೆ ನಿಲ್ಲುವವಳು ಅವಳೇ, ಗಂಡನ ಏಪ್ರನ್ ಅವಳಿಗೆ ದೊಗಳೆ. ಕೋಟನ್ನು ನೋಡಿದಳು, ಯಾರದೆಂದು ಗೊತ್ತಾಯಿತು.

"ಅವರಾದ್ರೂ ನೀರಿಗೆ ಇಳಿದ್ರಲ್ಲಕ್ಕ, ನಮ್ಮೋರಿಗೋಸ್ಕರ" ಎಂದಳು.

ಅಧ್ಯಕ್ಷರೇ, ನಿಮ್ಮ ಸುಳ್ಳು ಅಲ್ಲಿಯವರೆಗೆ ಹೋಗಿ ಆ ಹೆಂಗಸಿಗೆ ಸಮಾಧಾನ ಹೇಳಿ ಬಂದಿದೆ. ನಾನು ಕಪಾಟಿನಿಂದ ಪ್ಯಾಂಟನ್ನು ತೆಗೆದು ಮೇಜಿನ ಮೇಲೆ ಹಾಸಿದೆ. ಅವಳು ಕೆಸರಿನ ಗೆರೆಯ ಮೇಲೆ ಬೆರಳಾಡಿಸಿದಳು. "ಇಷ್ಟೇನಾ?" ಎಂದಳು. ಆಮೇಲೆ, "ನಿನ್ನ ತಮ್ಮ?" ಎಂದಳು.

ಒಳಗೆ ಇಸ್ತ್ರಿ ನಿಂತಿತು. ತಮ್ಮ ಪರದೆ ಸರಿಸದೆ ಅಲ್ಲಿಂದಲೇ ಹೇಳಿದ, "ಬೆಲ್ಟು ಕೈಗೆ ಸಿಕ್ಕಿತ್ತಮ್ಮ. ಹಿಡಿದಿದ್ದೆ. ಜಾರಿಹೋಯ್ತು."

ಅವಳು ಮುಖಕ್ಕೆ ಸೆರಗು ಹಿಡಿದು ಸ್ಟೂಲಿನ ಮೇಲೆ ಕುಳಿತಳು. ಎದ್ದು ಹೋಗುವಾಗ ಪರದೆಯ ಕಡೆ ನೋಡಿ, "ನಾಳೆ ಅಂಗಡಿಗೆ ಬಾ, ಬ್ರೆಡ್ ಕೊಡ್ತೀನಿ" ಎಂದಳು. ಅವನು ಇನ್ನೂ ಹೋಗಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. 'ಚಾಲಕನ ದುಡುಕು' ಎಂಬ ಮಾತನ್ನು ಅಳಿಸಿ. ಅದರ ಜಾಗದಲ್ಲಿ ಸಾಹೇಬರು ಕೇಳಿದ ಸೋಮವಾರದ ಪ್ರಶ್ನೆಯನ್ನು ಅವರ ಹೆಸರಿನ ಸಮೇತ ಬರೆಯಿರಿ. ಅದರ ಒಂದು ಪ್ರತಿಯನ್ನು ಬೇಕರಿಗೆ ನೀವೇ ತೆಗೆದುಕೊಂಡು ಹೋಗಿ ಕೊಡಿ, ಅಂಚೆಯಲ್ಲಿ ಹಾಕಬೇಡಿ. ಅದಾಗುವವರೆಗೆ ಕೋಟಿಗೆ ನಾನು ಸೂಜಿ ಮುಟ್ಟಿಸುವುದಿಲ್ಲ. ಬೇರೆ ದರ್ಜಿಯ ಕೈಯಲ್ಲಿ ಹೊಲಿಸುವುದಾದರೆ ಧಾರಾಳವಾಗಿ ಬಂದು ಒಯ್ಯಿರಿ. ಪ್ಯಾಂಟನ್ನು ಮಾತ್ರ ಕೊಡುವುದಿಲ್ಲ. ಅದನ್ನು ನಿನ್ನೆಯಿಂದ ಅಂಗಡಿಯ ಗಾಜಿನ ಕಿಟಕಿಯಲ್ಲಿ, ಕೆಸರು ಬೀದಿಗೆ ಕಾಣುವ ಹಾಗೆ ನೇತುಹಾಕಿದ್ದೇನೆ. ಸನ್ಮಾನದ ಮೆರವಣಿಗೆ ಅದೇ ದಾರಿಯಲ್ಲಿ ಬರುತ್ತದೆ. ಸಲ್ಯೂಟ್ ಹೊಡೆಯುವ ಮುಂಚೆ ಒಮ್ಮೆ ಈ ಕಡೆ ನೋಡಿ.

ಇಂತಿ,
ನಿಮ್ಮ ಸಾಹೇಬರ ಹೆಗಲಿನ ನಕ್ಷತ್ರಗಳನ್ನು ಇಷ್ಟು ವರ್ಷ ಒಂದೂ ಸೊಟ್ಟಗಾಗದಂತೆ ಹೊಲಿದುಕೊಟ್ಟು, ಈಗ ಕೈ ತೊಳೆದುಕೊಳ್ಳುತ್ತಿರುವ
ಪರೇಡ್ ಮೈದಾನದ ಎದುರಿನ ದರ್ಜಿ