ಎರಡನೆಯ ಅಡಿಕೆ

ಜಲಾಶಯದ ದೊಡ್ಡ ಇಂಜಿನಿಯರ್ ಬಾಬು ಅವರಿಗೆ, ಮೀನುಗಾರ್ತಿ ಸೆಬತಿಯ ನಮಸ್ಕಾರ.

ಮಗಳ ಮದುವೆ ನಿಶ್ಚಯವಾಗಿದೆ. ನಮ್ಮಲ್ಲಿ ಅಡಿಕೆ ಕೊಟ್ಟು ಕರೆಯುತ್ತೇವೆ. ಮೊದಲನೆಯದು ಊರದೇವಿ ಸಮಲೇಯಿಗೆ. ಅವಳ ಗುಡಿ ನಿಮ್ಮ ನೀರಿನಡಿ ಇದೆ. ನಿನ್ನೆ ದೋಣಿಯಲ್ಲಿ ಹೋಗಿ ನೀರಿಗೆ ಬಿಟ್ಟು ಬಂದೆವು. ಎರಡನೆಯದು ಸೋದರಮಾವನಿಗೆ ಸಲ್ಲಬೇಕು. ಮಾವ ಕಾಯಲಿ ಎಂದು ಅದನ್ನು ಈ ಪತ್ರದೊಂದಿಗೆ ನಿಮಗೆ ಕಳಿಸಿದ್ದೇನೆ.

ಮೊನ್ನೆ ಸಭೆಯಲ್ಲಿ ನೀವು ನಗುತ್ತಾ ಹೇಳಿದಿರಿ: "ಅಣೆಕಟ್ಟು ಹಳೇದಾಯ್ತು, ನೀರು ಖಾಲಿ ಮಾಡ್ತೀವಿ. ನಿಮ್ಮೂರು ಮತ್ತೆ ಕಾಣುತ್ತಲ್ಲಮ್ಮಾ, ಖುಷಿಪಡಿ!"

ನಮ್ಮತ್ತೆ ಈ ನೀರಿಗೆ ಶಾಪ ಹಾಕದೆ ಒಂದು ದಿನವೂ ಮುಖ ತೊಳೆದವರಲ್ಲ. ಅವರೇ ಎದ್ದು ಕೇಳಿದರು: "ಕಾಣುತ್ತೆ ಬಾಬು. ಆಮೇಲೆ ಅದು ಯಾರ್ದು?"

"ಸರ್ಕಾರದ್ದು. ಕಾರ್ಖಾನೆಗೆ ಕೊಡ್ತೀವಿ" ಎಂದಿರಿ. ಅತ್ತೆ ಅಂದಿನಿಂದ ನೀರನ್ನು ಬೈದಿಲ್ಲ.

ನಿಮ್ಮ ಹಿಂದಿನವರು ನಮ್ಮನ್ನು ಒಕ್ಕಲೆಬ್ಬಿಸಿ ಇಲ್ಲಿ ನೀರು ತುಂಬಿಸಿದರು. ಆ ನೀರಲ್ಲೇ ಬಲೆ ಬೀಸಿ ಮಕ್ಕಳನ್ನು ಸಾಕಿದೆವು. ಬೀಗರು "ನಿಮ್ಮೂರು ಯಾವ್ದು?" ಎಂದಾಗ ನೀರಿನ ಕಡೆ ಕೈ ತೋರಿಸಿದೆ, ಅವರು ಸಂಬಂಧಕ್ಕೆ ಒಪ್ಪಿದರು. ನಾಳೆ ಅಲ್ಲಿ ಬೇಲಿ ಎದ್ದರೆ ಎತ್ತ ಕೈ ತೋರಿಸಲಿ?

ಮದುವೆಗೆ ತಪ್ಪದೆ ಬನ್ನಿ. ಮೀನಿನ ಸಾರು ಮಾಡಿಸುತ್ತೇನೆ. ಉಡುಗೊರೆ ತರಬೇಡಿ, ನೀರನ್ನು ಇದ್ದ ಹಾಗೇ ಇರಲು ಬಿಡಿ, ಸಾಕು. ಮುಳುಗಿದ ಊರನ್ನು ಯಾರೂ ಮಾರಲಾರರು.

ಇಂತಿ,
ಸೆಬತಿ ಕೇಉಟ
ಊರು: ತೆಲಿಪಾಲಿ, ನೀರಿನಡಿ