ಬಾಗಿಲಲ್ಲಿ ಬರುವ ಮಾತು

ಮಾನ್ಯ ವ್ಯವಸ್ಥಾಪಕರೇ,

ನನ್ನ ಕೋಣೆಯ ಬಾಗಿಲಿಗೆ ನೀವು ಅಂಟಿಸಿದ್ದ ‘ಒಂದು ಭೇಟಿಗೆ ಒಂದೇ ತೊಂದರೆ ಹೇಳಿ’ ಎಂಬ ಸೂಚನೆಯನ್ನು ಕಿತ್ತವಳು ನಾನೇ. ಸುಮ್ಮನೆ ಆಯಾಳನ್ನು ಗೋಳು ಹುಯ್ದುಕೊಳ್ಳಬೇಡಿ.

ಕಾರಣ ಕೇಳಿದ್ದೀರಿ. ನನ್ನಂಥ ಸಾಮಾನ್ಯ ಡಾಕ್ಟರ ಬಳಿ ಜನ ನೆಗಡಿಯ ನೆಪದಲ್ಲಿ ಬರುತ್ತಾರೆ. ಕುರ್ಚಿಯಲ್ಲಿ ಕೂತಷ್ಟು ಹೊತ್ತೂ ನೆಗಡಿಯ ಮಾತೇ. ಎದ್ದು ಬಾಗಿಲಿಗೆ ಕೈ ಹಾಕಿದ ಮೇಲೆ ನಿಜವಾದದ್ದು ಬಾಯಿಗೆ ಬರುತ್ತದೆ. ಬಸ್ ಡ್ರೈವರೊಬ್ಬರು ಅಲ್ಲಿ ನಿಂತು, “ಸಂಜೆಯಾದ್ರೆ ರಸ್ತೆ ಸರಿಯಾಗಿ ಕಾಣ್ಸಲ್ಲ ಡಾಕ್ಟ್ರೇ” ಎಂದರು. ಅದು ಎರಡನೆಯ ತೊಂದರೆ, ಇನ್ನೊಂದು ದಿನ ಬನ್ನಿ ಎನ್ನಬೇಕಿತ್ತೇ?

ಹೋದ ವಾರ ನೀವೂ ಮೊಣಕಾಲು ನೋವೆಂದು ಬಂದಿದ್ದಿರಿ. ಔಷಧಿ ಚೀಟಿ ಜೇಬಿಗಿಟ್ಟು ಎದ್ದವರು ಬಾಗಿಲಲ್ಲಿ ತಿರುಗಿ, “ಮೆಟ್ಲು ಹತ್ತೋವಾಗ ಎದೆ ಹಿಡ್ಕೊಂಡಂಗಾಗುತ್ತೆ. ಏನಿಲ್ಲ ಬಿಡಿ” ಎಂದಿರಿ. ಆಗ ನಿಮ್ಮ ಕೈ ನಿಮ್ಮದೇ ಸೂಚನೆಯ ಮೇಲಿತ್ತು. ನಿಮ್ಮನ್ನು ವಾಪಸ್ ಕೂರಿಸಿ, ಇಸಿಜಿ ತೆಗೆಸಿ, ಇವತ್ತೇ ಹೃದಯದ ಡಾಕ್ಟರಿಗೆ ತೋರಿಸಿ ಎಂದು ಬರೆದುಕೊಟ್ಟೆ. ನೀವು ಹೊರಟ ಮೇಲೆ ಸೂಚನೆಯನ್ನು ಕಿತ್ತು ಬುಟ್ಟಿಗೆ ಹಾಕಿದೆ.

ಈಗ ಆ ಹೃದಯದ ಡಾಕ್ಟರಿಗೆ ಫೋನ್ ಮಾಡಿ ಕೇಳಿದರೆ, ನೀವು ಆ ಕಡೆ ತಲೆಯೇ ಹಾಕಿಲ್ಲವಂತೆ. ನನಗೆ ನೋಟಿಸು ಬರೆಯಲು ಮಾತ್ರ ಪುರುಸೊತ್ತಾಗಿದೆ.

ಇನ್ನೊಂದು ಅಂಟಿಸಿದರೆ ಅದನ್ನೂ ಕೀಳುತ್ತೇನೆ. ನನ್ನನ್ನು ಕೆಲಸದಿಂದ ತೆಗೆಯುವುದಿದ್ದರೆ ಧಾರಾಳವಾಗಿ ತೆಗೆಯಿರಿ. ಆದರೆ ಮೊದಲು ಎದೆ ತೋರಿಸಿಕೊಂಡು ಬನ್ನಿ. ಆ ಆದೇಶ ಕೊಡಲು ನನ್ನ ಕೋಣೆಗೆ ಬರುವಾಗಲೂ ಮೆಟ್ಟಿಲು ಹತ್ತಬೇಡಿ, ಲಿಫ್ಟಿನಲ್ಲಿ ಬನ್ನಿ.

ಇಂತಿ,
ವಿಧೇಯಳಲ್ಲದ, ಆದರೂ ನಿಮ್ಮ ಡಾಕ್ಟರ್